ನ್ಯಾಯದ ಹಾಡನ್ನು ಎರಡನೇ ಸಲ ಕೇಳುತ್ತಾ

ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ನಾವು ಹಾಡು ಕೇಳುತ್ತೇವೆ, ಲೆಕ್ಕ ಕೇಳುತ್ತೇವೆ, ಸಾಲ ಕೇಳುತ್ತೇವೆ, ನ್ಯಾಯವನ್ನೂ ಕೇಳುತ್ತೇವೆ. 'ನಮ್ಮನ್ನು ಕೇಳುವವರೇ ಇಲ್ಲ' ಎಂದು ಒಬ್ಬ ಬಡವ ಹೇಳಿದಾಗ, ತನ್ನ ಮಾತಿಗೆ ಕಿವಿಗೊಡುವವರಿಲ್ಲ ಎಂದು ಅವನು ಹೇಳುತ್ತಿದ್ದಾನೋ, ತನ್ನ ಪರವಾಗಿ ಪ್ರಶ್ನಿಸುವವರಿಲ್ಲ ಎಂದು ಹೇಳುತ್ತಿದ್ದಾನೋ ಬಿಡಿಸಿ ಹೇಳುವುದು ಕಷ್ಟ. ಬಹುಶಃ ಎರಡನ್ನೂ ಹೇಳುತ್ತಿರುತ್ತಾನೆ. ಇಪ್ಪತ್ತೈದು ವರ್ಷಗಳಿಂದ ಕರಾವಳಿಯ ಒಂದು ಊರಿನಲ್ಲಿ ವಕೀಲರ ಗುಮಾಸ್ತನಾಗಿ ದುಡಿಯುತ್ತಿರುವ ನಾನು ಈ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಅಮೆರಿಕದ ನಾಲ್ವರು ಯುವಕರ ಗದ್ದಲದ ಸಂಗೀತವೊಂದರ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಈ ಮಾತು.

ಆ ಆಲ್ಬಮ್ಮಿನ ಹೆಸರು '...ಆ್ಯಂಡ್ ಜಸ್ಟಿಸ್ ಫಾರ್ ಆಲ್'. 'ಮತ್ತು ಎಲ್ಲರಿಗೂ ನ್ಯಾಯ' ಎಂದು ಅದರ ಅರ್ಥ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಬಾವುಟದ ಮುಂದೆ ನಿಂತು ಹೇಳುವ ಪ್ರತಿಜ್ಞೆಯ ಕೊನೆಯ ಪದಗಳಿವು. ಹಾಡಿದವರು ಮೆಟಾಲಿಕಾ ಎಂಬ ತಂಡ. ಬಿಡುಗಡೆಯಾದದ್ದು 1988ರಲ್ಲಿ. ಒಂಬತ್ತು ಹಾಡುಗಳು, ಒಟ್ಟು ಅರವತ್ತೈದು ನಿಮಿಷ. ಅದನ್ನು ಮೊದಲ ಸಲ ಕೇಳಿದಾಗ ನನಗೆ ಇಪ್ಪತ್ತು ವರ್ಷ. ಎರಡನೇ ಸಲ ಕೇಳಿದಾಗ ಐವತ್ತು. ನಡುವೆ ಒಂದು ಬದುಕಿನ ಮುಕ್ಕಾಲು ಪಾಲು ಕಳೆದುಹೋಗಿದೆ.

ಈ ಬಗೆಯ ಸಂಗೀತಕ್ಕೆ ಥ್ರ್ಯಾಶ್ ಮೆಟಲ್ ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ ಇದಕ್ಕೆ ಕಾವು ಬಂದಿತು. ಬ್ರಿಟನ್ನಿನ ಹೆವಿ ಮೆಟಲ್‌ನ ಗಡಸುತನ, ಪಂಕ್ ಸಂಗೀತದ ವೇಗ, ಎರಡನ್ನೂ ಬೆರೆಸಿ ಕುದಿಸಿದರೆ ಇದಾಗುತ್ತದೆ. ಗಿಟಾರಿನ ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿದು ಗರಗಸದಂತೆ ಎಳೆಯುವುದು, ಡ್ರಮ್ಮಿನ ಎರಡು ಕಾಲ್ಪೆಟ್ಟುಗಳನ್ನು ಎಡೆಬಿಡದೆ ಹಾಕುವುದು, ಹಾಡುವುದಕ್ಕಿಂತ ಹೆಚ್ಚಾಗಿ ಗರ್ಜಿಸುವುದು ಇದರ ಲಕ್ಷಣ. ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆ್ಯಂತ್ರಾಕ್ಸ್ ಎಂಬ ನಾಲ್ಕು ತಂಡಗಳನ್ನು ಇದರ ನಾಲ್ಕು ಕಂಬಗಳೆಂದು ಕರೆಯುವ ರೂಢಿಯಿದೆ. ಮೆಟಾಲಿಕಾ ತನ್ನ ನಾಲ್ಕನೆಯ ಆಲ್ಬಮ್ಮಾದ ಇದರಲ್ಲಿ ಬರೀ ವೇಗಕ್ಕೆ ತೃಪ್ತಿಪಡಲಿಲ್ಲ. ಹಾಡುಗಳನ್ನು ಏಳು ಎಂಟು ಹತ್ತು ನಿಮಿಷಗಳಿಗೆ ಹಿಗ್ಗಿಸಿ, ತಾಳವನ್ನು ಮಧ್ಯೆ ಮಧ್ಯೆ ಮುರಿದು, ಒಂದೇ ಹಾಡಿನೊಳಗೆ ನಾಲ್ಕೈದು ಕೋಣೆಗಳನ್ನು ಕಟ್ಟಿತು. ಅದಕ್ಕೇ ಇದನ್ನು 'ಪ್ರೋಗ್ರೆಸಿವ್' ಥ್ರ್ಯಾಶ್ ಎನ್ನುವುದು.

ನನಗೆ ಇದು ಸಿಕ್ಕಿದ್ದು 1994ರಲ್ಲಿ, ಕಾಲೇಜಿನ ದಿನಗಳಲ್ಲಿ. ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ತಂದುಕೊಟ್ಟ. ಆಗ ನಮಗೆ ಸಂಗೀತವೆಂದರೆ ಹೀಗೆಯೇ, ಕೈಯಿಂದ ಕೈಗೆ, ಟೇಪಿನಿಂದ ಟೇಪಿಗೆ ಬರುವಂಥದ್ದು. ಅವನು ತಂದದ್ದು ಅರವತ್ತು ನಿಮಿಷದ ಕ್ಯಾಸೆಟ್ಟು. ಆಲ್ಬಮ್ಮಿನ ಉದ್ದ ಅರವತ್ತೈದು ನಿಮಿಷ. ಹಾಗಾಗಿ ಮೊದಲ ಮಗ್ಗುಲಿನಲ್ಲಿ 'ಒನ್' ಎಂಬ ನಾಲ್ಕನೆಯ ಹಾಡು ಕೊನೆಯ ಪೆಟ್ಟು ಬೀಳುವ ಮೊದಲೇ ಕಟಕ್ಕೆಂದು ನಿಂತುಹೋಗುತ್ತಿತ್ತು. ಎರಡನೆಯ ಮಗ್ಗುಲು ಎಂಟನೆಯ ಹಾಡಿಗೇ ಮುಗಿಯುತ್ತಿತ್ತು. ಒಂಬತ್ತನೆಯದು ಅದರಲ್ಲಿ ಇರಲೇ ಇಲ್ಲ. ಹೊದಿಕೆಯ ಚೀಟಿಯಲ್ಲಿ ಗೆಳೆಯ ಅದರ ಹೆಸರನ್ನು ಮಾತ್ರ ನೀಲಿ ಶಾಯಿಯಲ್ಲಿ ಬರೆದಿದ್ದ.

ಆ ವಯಸ್ಸಿನಲ್ಲಿ ನಾವು ಕೇಳಿದ್ದು ವೇಗವನ್ನು. ಹಾಸ್ಟೆಲ್ಲಿನ ಕೋಣೆಯ ಬಾಗಿಲು ಹಾಕಿ, ಟೇಪ್‌ರೆಕಾರ್ಡರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಕೂರುತ್ತಿದ್ದೆವು. ಪಕ್ಕದ ಕೋಣೆಯವರು ಗೋಡೆ ಬಡಿಯುತ್ತಿದ್ದರು. ನಮ್ಮಲ್ಲಿ ಒಬ್ಬನಿಗೆ ದಫ್ ಬಾರಿಸಿ ಅಭ್ಯಾಸವಿತ್ತು. ಮದುವೆ ಮನೆಗಳಲ್ಲಿ ಬಾರಿಸುತ್ತಿದ್ದ ಹುಡುಗ. ಮೊದಲ ಹಾಡು 'ಬ್ಲ್ಯಾಕೆಂಡ್' ಶುರುವಾದಾಗ ಅವನು ಮಂಚದ ಹಲಗೆಯ ಮೇಲೆ ಬೆರಳು ಬಡಿಯುತ್ತಾ ಲೆಕ್ಕ ಹಾಕಿ, 'ಇದು ನಾಲ್ಕರದ್ದಲ್ಲ, ಏಳರದ್ದು' ಎಂದ. ಅದೇ ಕೋಣೆಯಲ್ಲಿದ್ದ, ಮೃದಂಗ ಕಲಿಯುತ್ತಿದ್ದ ಹುಡುಗ 'ಹೌದು, ತಕಿಟ ತಕದಿಮಿ' ಎಂದು ಒಪ್ಪಿದ. ಇಂಗ್ಲಿಷಿನ ಸಾಹಿತ್ಯ ನಮಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಏಳರ ಎಣಿಕೆ ಮಾತ್ರ ಚೆನ್ನಾಗಿ ತಿಳಿಯಿತು. ನಾಲ್ಕರ ನಡಿಗೆಗೆ ಒಗ್ಗಿದ ಕಾಲು ಏಳರಲ್ಲಿ ಒಂದು ಹೆಜ್ಜೆ ಎಡವಿದಂತೆ ಆಗುತ್ತದಲ್ಲ, ಆ ಎಡವುವಿಕೆಯಲ್ಲಿ ಒಂದು ಸುಖವಿತ್ತು.

ಆಮೇಲೆ ಕಾಲೇಜು ಮುಗಿಯಿತು. ನಾನು ವಕೀಲರ ಕಛೇರಿ ಸೇರಿದೆ. ಕ್ಯಾಸೆಟ್ಟು ಮನೆಯ ಕಪಾಟಿನಲ್ಲಿತ್ತು, ಆಗಾಗ ಹಾಕುತ್ತಿದ್ದೆ. 2003ರಲ್ಲಿ ಒಂದು ಸುದ್ದಿ ಓದಿದೆ. ಇರಾಕಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಂದ ಬಾಯಿ ಬಿಡಿಸಲು ಜೋರಾದ ಸಂಗೀತವನ್ನು ಗಂಟೆಗಟ್ಟಲೆ ಹಾಕಿ ಕೇಳಿಸುತ್ತಿದ್ದಾರೆ, ನಿದ್ದೆ ಕೆಡಿಸುತ್ತಿದ್ದಾರೆ, ಹಾಗೆ ಬಳಸಿದ ಹಾಡುಗಳಲ್ಲಿ ಮೆಟಾಲಿಕಾದ 'ಎಂಟರ್ ಸ್ಯಾಂಡ್‌ಮ್ಯಾನ್' ಕೂಡ ಒಂದು ಎಂದು ಅದರಲ್ಲಿತ್ತು. ಅದು ಈ ಆಲ್ಬಮ್ಮಿನ ಹಾಡಲ್ಲ, 1991ರಲ್ಲಿ ಬಂದ ಮುಂದಿನ ಆಲ್ಬಮ್ಮಿನದು. ಆದರೆ ದನಿ ಅದೇ, ಕೈಗಳೂ ಅವೇ. ತಂಡದ ಮುಖ್ಯ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಮರುವರ್ಷ ರೇಡಿಯೋ ಸಂದರ್ಶನವೊಂದರಲ್ಲಿ ಈ ಬಗ್ಗೆ ಒಂದು ಬಗೆಯ ಹೆಮ್ಮೆಯನ್ನೂ ತೋರಿಸಿದರು. ಅದನ್ನು ಓದಿದ ಮೇಲೆ ಆ ಕ್ಯಾಸೆಟ್ಟನ್ನು ಹಾಕುವ ಮನಸ್ಸಾಗಲಿಲ್ಲ. ಬಿಸಾಡಲೂ ಇಲ್ಲ. ಮನೆಗೆ ಸುಣ್ಣ ಬಳಿಯುವಾಗ ಹಳೆಯ ಪುಸ್ತಕಗಳೊಂದಿಗೆ ಅದೂ ಅಟ್ಟ ಸೇರಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹಾಸ್ಟೆಲ್ಲಿನ ಗೆಳೆಯರು ಫೋನು ಮಾಡಿ ಕರೆದರು. ನಾನು ಹೋಗಲಿಲ್ಲ.

ಎರಡನೇ ಸಲ ಕೇಳುವಂತೆ ಮಾಡಿದವನು ಅಕ್ಕನ ಮಗ. ಕಾಲೇಜಿನ ಹುಡುಗ, ಬೇಸ್ ಗಿಟಾರು ನುಡಿಸುತ್ತಾನೆ. ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ ಗಿಟಾರು. ಇಡೀ ಹಾಡಿಗೆ ಅಡಿಪಾಯದ ನಾದ ಕೊಡುವಂಥದ್ದು. ಮನೆ ಕಟ್ಟಿದ ಮೇಲೆ ಅಡಿಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅದಿಲ್ಲದೆ ಗೋಡೆ ನಿಲ್ಲುವುದಿಲ್ಲ. ಒಂದು ರಾತ್ರಿ ಅವನು ಮೊಬೈಲನ್ನು ಹಿಡಿದುಕೊಂಡು ಬಂದು, ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗೆ ಸಿಕ್ಕಿಸಿ, 'ಮಾಮಾ, ನೀವು ಹಳೇ ಕಾಲದವರಲ್ವಾ, ಹೇಳಿ, ಈ ರೆಕಾರ್ಡಿನಲ್ಲಿ ಬೇಸ್ ಎಲ್ಲಿದೆ?' ಎಂದು ಕೇಳಿದ.

ಕೇಳಿದೆ. ಮತ್ತೊಮ್ಮೆ ಕೇಳಿದೆ. ಬೇಸ್ ಇರಲಿಲ್ಲ. ಹಾಸ್ಟೆಲ್ಲಿನ ಆ ಟೇಪ್‌ರೆಕಾರ್ಡರಿನಲ್ಲಿ ಬೇಸ್ ಇದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಅದರಲ್ಲಿ ಎಲ್ಲವೂ ಗರಗರ ಎನ್ನುತ್ತಿತ್ತು. ಈಗ ಸ್ವಚ್ಛವಾದ ದನಿಯಲ್ಲಿ ಗಿಟಾರುಗಳು ಬ್ಲೇಡಿನಂತೆ ಹರಿತವಾಗಿದ್ದವು, ಡ್ರಮ್ಮು ಹಲಗೆಗೆ ಮೊಳೆ ಹೊಡೆದಂತೆ ಒಣಗಿತ್ತು, ಅವೆರಡರ ಕೆಳಗೆ ಮಾತ್ರ ಖಾಲಿ.

ಇದರ ಹಿಂದಿನ ಕತೆ ಮೆಟಲ್ ಕೇಳುವವರಿಗೆಲ್ಲ ಗೊತ್ತಿರುವಂಥದ್ದು. ತಂಡದ ಮೊದಲಿನ ಬೇಸ್ ವಾದಕ ಕ್ಲಿಫ್ ಬರ್ಟನ್. ತಂಡದವರಿಗೆ ಸಂಗೀತದ ವ್ಯಾಕರಣ ತಿಳಿಸಿಕೊಟ್ಟವನು ಅವನೇ ಎನ್ನುತ್ತಾರೆ. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ಅವನು ತೀರಿಕೊಂಡ. ಇಪ್ಪತ್ನಾಲ್ಕು ವರ್ಷ. ಕೆಲವೇ ವಾರಗಳಲ್ಲಿ ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಎಂಬ ಯುವಕನನ್ನು ಆರಿಸಿದರು. ಸತ್ತವನಿಗಾಗಿ ಅಳುವುದಕ್ಕೂ ಸಮಯ ತೆಗೆದುಕೊಳ್ಳದೆ ಮತ್ತೆ ರಸ್ತೆಗಿಳಿದ ಆ ಹುಡುಗರು ತಮ್ಮ ಸಂಕಟವನ್ನೆಲ್ಲ ಹೊಸಬನ ಮೇಲೆ ಕಾರಿಕೊಂಡರು. ಗೇಲಿ ಮಾಡಿದರು, ದೂರವಿಟ್ಟರು. ನಮ್ಮಲ್ಲೂ ಹೀಗಾಗುವುದುಂಟು. ತೀರಿಕೊಂಡ ಸೊಸೆಯ ಜಾಗಕ್ಕೆ ಬಂದ ಎರಡನೆಯ ಸೊಸೆ ಇಟ್ಟ ಸಾರಿಗೆ ಆ ಮನೆಯಲ್ಲಿ ಯಾವತ್ತೂ ಉಪ್ಪು ಹಿಡಿಯುವುದಿಲ್ಲ.

1988ರ ಮೊದಲ ತಿಂಗಳುಗಳಲ್ಲಿ ಲಾಸ್ ಏಂಜಲೀಸಿನ ಸ್ಟುಡಿಯೋ ಒಂದರಲ್ಲಿ, ಫ್ಲೆಮ್ಮಿಂಗ್ ರಾಸ್ಮುಸೆನ್ ಎಂಬ ಡೆನ್ಮಾರ್ಕಿನ ನಿರ್ಮಾಪಕನ ಜೊತೆ ಈ ಆಲ್ಬಮ್ ಧ್ವನಿಮುದ್ರಣವಾಯಿತು. ನ್ಯೂಸ್ಟೆಡ್ ತನ್ನ ಭಾಗವನ್ನು ಉಳಿದವರಿಲ್ಲದೆ ಒಬ್ಬನೇ ಕುಳಿತು ನುಡಿಸಿದ. ಆಮೇಲೆ ಎಲ್ಲ ವಾದ್ಯಗಳ ದನಿಯನ್ನು ಹೆಚ್ಚುಕಡಿಮೆ ಮಾಡಿ ಒಂದಾಗಿ ಸೇರಿಸುವ ಕೆಲಸವಿರುತ್ತದೆ. ಅದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಅದನ್ನು ಮಾಡಿದ ಸ್ಟೀವ್ ಥಾಂಪ್ಸನ್, ಬೇಸಿನ ದನಿಯನ್ನು ತೀರಾ ತಗ್ಗಿಸಲು ಹೇಳಿದ್ದು ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಎಂದು ವರ್ಷಗಳ ನಂತರ ಹೇಳಿದ್ದಾರೆ. ಊರೂರು ತಿರುಗಿ ಹಾಡಿ ತಮ್ಮ ಕಿವಿಗಳು ಸೋತುಹೋಗಿದ್ದವು ಎಂದು ಹೆಟ್‌ಫೀಲ್ಡ್ ಹೇಳಿದ್ದುಂಟು. ಗಿಟಾರು ನುಡಿಸಿದ್ದನ್ನೇ ಬೇಸ್ ಕೂಡ ನುಡಿಸಿದ್ದರಿಂದ ಅದು ಅದರೊಳಗೆ ಕರಗಿಹೋಯಿತು ಎನ್ನುವವರಿದ್ದಾರೆ. ಕಾರಣ ಯಾವುದೇ ಇರಲಿ, ನುಡಿಸಿದ ಮನುಷ್ಯ ಆ ಟೇಪಿನಲ್ಲಿದ್ದಾನೆ. ನಮಗೆ ತಲುಪಿದ ಹಾಡಿನಲ್ಲಿ ಅವನಿಲ್ಲ. 'ಎಲ್ಲರಿಗೂ ನ್ಯಾಯ' ಎಂಬ ಹೆಸರಿನ ಆಲ್ಬಮ್ಮಿನಲ್ಲೇ ನಾಲ್ವರಲ್ಲಿ ಒಬ್ಬನ ದನಿ ಕೇಳಿಸುವುದಿಲ್ಲ.

ಅಕ್ಕನ ಮಗನಿಗೆ ಇದು ತಮಾಷೆಯಾಗಿ ಕಂಡಿತು. ನನಗೆ ಕೋರ್ಟಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು.

ನಮ್ಮ ಕಛೇರಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಕಾಲುದಾರಿಯ ದಾವೆ. ಅವರ ಮನೆಗೆ ಹೋಗುವ ದಾರಿಯನ್ನು ಪಕ್ಕದ ಜಾಗ ಕೊಂಡವರು ಬೇಲಿ ಹಾಕಿ ಮುಚ್ಚಿದ್ದರು. ಎಷ್ಟೋ ವಾಯಿದೆಗಳ ನಂತರ ಅಜ್ಜಿಯ ಪಾಟಿ ಸವಾಲಿನ ದಿನ ಬಂತು. ಎದುರು ಪಕ್ಷದ ವಕೀಲರು, 'ಆ ಜಾಗದಲ್ಲಿ ದಾರಿಯೇ ಇರಲಿಲ್ಲ ಎಂದರೆ ಸರಿಯೇ?' ಎಂದು ಕೇಳಿದರು. ಅಜ್ಜಿ ಕಟಕಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳತೊಡಗಿದರು. ಹದಿನೈದು ವರ್ಷದ ಮದುಮಗಳಾಗಿ ಆ ದಾರಿಯಲ್ಲಿ ಬಂದದ್ದು, ಮಳೆಗಾಲದಲ್ಲಿ ಜಾರಬಾರದೆಂದು ಮಾವ ಅಲ್ಲಿ ಕೆಂಪು ಕಲ್ಲು ಹಾಸಿದ್ದು, ಹುಲ್ಲಿನ ಹೊರೆ ಹೊತ್ತು ನಡೆದದ್ದು, ಮಕ್ಕಳು ಅದೇ ದಾರಿಯಲ್ಲಿ ಮದರಸಕ್ಕೂ ಶಾಲೆಗೂ ಓಡಿದ್ದು. ಗಂಡನ ಮಯ್ಯತ್ತನ್ನು ಹೊತ್ತವರು ತಿರುವಿನಲ್ಲಿ ಒಮ್ಮೆ ನಿಂತು ಹೆಗಲು ಬದಲಾಯಿಸಿದ್ದನ್ನೂ ಹೇಳಿದರು. ಆ ತಿರುವು ಎಲ್ಲಿದೆ ಎಂದು ಗೋಡೆಯ ಕಡೆಗೆ ಕೈ ತೋರಿಸಿದರು. ಎರಡು ಮೂರು ನಿಮಿಷ ಹೇಳಿರಬೇಕು. ನ್ಯಾಯಾಧೀಶರು ಒಳ್ಳೆಯವರೇ. ತಡೆಯದೆ ಕೇಳಿಸಿಕೊಂಡರು. ಅವರ ಮುಂದೆ ಅಂದು ಇನ್ನೂ ನಲವತ್ತು ಕಡತಗಳಿದ್ದವು. ಅಜ್ಜಿ ನಿಲ್ಲಿಸಿದ ಮೇಲೆ ಬೆರಳಚ್ಚುಗಾರರ ಕಡೆ ತಿರುಗಿ ಒಂದು ಸಾಲು ಬರೆಸಿದರು: 'ಸದರಿ ಜಾಗದಲ್ಲಿ ದಾರಿ ಇರಲಿಲ್ಲ ಎಂದರೆ ಸರಿಯಲ್ಲ.'

ಕಾನೂನಿನ ದೃಷ್ಟಿಯಿಂದ ಆ ಸಾಲಿನಲ್ಲಿ ತಪ್ಪಿಲ್ಲ. ಅಜ್ಜಿ ಹೇಳಿದ್ದರ ಸಾರ ಅದೇ. ಅದರಲ್ಲಿ ಕೆಂಪು ಕಲ್ಲಿಲ್ಲ, ಹೆಗಲು ಬದಲಾಯಿಸಿದ ತಿರುವಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿ ಕೆಳಗಿಳಿದರು. ಹೊರಗೆ ಜಗಲಿಯಲ್ಲಿ, 'ಎಲ್ಲ ಬರೆದುಕೊಂಡರಲ್ಲ ಮಗಾ?' ಎಂದು ನನ್ನನ್ನು ಕೇಳಿದರು. 'ಬರೆದುಕೊಂಡಿದ್ದಾರೆ ಉಮ್ಮಾ' ಎಂದೆ. ಬೇರೆ ಏನು ಹೇಳಬಹುದಿತ್ತೋ ಇವತ್ತಿಗೂ ನನಗೆ ಹೊಳೆದಿಲ್ಲ. ಕೊನೆಗೆ ದಾರಿ ಸಿಕ್ಕಿತು, ಮೂರು ಅಡಿ ಅಗಲದ್ದು. ತೀರ್ಪಿನ ನಕಲು ಕೈಗೆ ಬಂದಾಗ ಅದರಲ್ಲಿ ಅಜ್ಜಿಯ ಹೆಸರಿನ ಮುಂದೆ 'ಮೃತ' ಎಂದಿತ್ತು. ಅವರ ವಾರಸುದಾರರನ್ನು ದಾಖಲೆಗೆ ತರುವ ಅರ್ಜಿಯನ್ನು ಸಿದ್ಧಪಡಿಸಿದವನು ನಾನೇ.

ಧ್ವನಿಮುದ್ರಣದ ಮೇಜಿನ ಮೇಲೆ ಒಬ್ಬನ ದನಿಯನ್ನು ತಗ್ಗಿಸುವ ಬೆರಳಿಗೂ, ಮೂರು ನಿಮಿಷದ ಬದುಕನ್ನು ಒಂದು ಸಾಲಿಗೆ ಇಳಿಸುವ ಪದ್ಧತಿಗೂ ಬಹಳ ವ್ಯತ್ಯಾಸವಿದೆ, ನಿಜ. ಒಂದರಲ್ಲಿ ಅಸಡ್ಡೆ ಇದೆ, ಇನ್ನೊಂದರಲ್ಲಿ ಅನಿವಾರ್ಯತೆ ಇದೆ. ಆದರೆ ದೂರದಲ್ಲಿ ಕುಳಿತು ಕೊನೆಯ ದಾಖಲೆಯನ್ನು ಮಾತ್ರ ಓದುವವರಿಗೆ ಎರಡೂ ಒಂದೇ. ಮೇಲ್ಮನವಿಯ ನ್ಯಾಯಾಲಯ ಆ ಒಂದು ಸಾಲನ್ನೇ ಓದುತ್ತದೆ. ನಾವು ಆ ಹಾಡನ್ನೇ ಕೇಳುತ್ತೇವೆ.

ಆ ರಾತ್ರಿಯ ನಂತರ ನಾನು ಇಡೀ ಆಲ್ಬಮ್ಮನ್ನು, ಸಾಹಿತ್ಯವನ್ನು ಮುಂದಿಟ್ಟುಕೊಂಡು, ಒಂದೊಂದೇ ಹಾಡಾಗಿ ಕೇಳಿದೆ. ಹೊದಿಕೆಯ ಚಿತ್ರವನ್ನೂ ಮೊದಲ ಬಾರಿ ಸರಿಯಾಗಿ ನೋಡಿದೆ. ನಮ್ಮ ಕ್ಯಾಸೆಟ್ಟಿಗೆ ಚಿತ್ರವೇ ಇರಲಿಲ್ಲವಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆಯ ಕಲ್ಲಿನ ಪ್ರತಿಮೆ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ನಾಲ್ಕೂ ಕಡೆಯಿಂದ ಹಗ್ಗ ಬಿಗಿದು ಎಳೆಯುತ್ತಿದ್ದಾರೆ. ಕೈಯಲ್ಲಿನ ತಕ್ಕಡಿಯ ತಟ್ಟೆಗಳಲ್ಲಿ ಡಾಲರ್ ನೋಟುಗಳು. ಎಳೆಯುತ್ತಿರುವವರ ಕೈ ಮಾತ್ರ ಕಾಣಿಸುವುದಿಲ್ಲ. ಆ ವರ್ಷಗಳ ಸಂಗೀತ ಕಛೇರಿಗಳಲ್ಲಿ ಇಂಥದೇ ದೊಡ್ಡ ಪ್ರತಿಮೆಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಕೊನೆಗೆ ಉರುಳಿಸುತ್ತಿದ್ದರಂತೆ. ನಮ್ಮ ಸುಪ್ರೀಂ ಕೋರ್ಟಿನಲ್ಲಿ 2024ರಲ್ಲಿ ಹೊಸ ನ್ಯಾಯದೇವತೆಯ ಪ್ರತಿಮೆ ಬೆಳಕಿಗೆ ಬಂತು. ಕಣ್ಣಿನ ಬಟ್ಟೆ ತೆಗೆದು, ಕತ್ತಿಯ ಬದಲು ಕೈಗೆ ಸಂವಿಧಾನ ಕೊಟ್ಟಿದ್ದಾರೆ. ಒಳ್ಳೆಯದೇ ಆಯಿತು. ಆದರೆ ನ್ಯಾಯದೇವತೆಗೆ ಕಣ್ಣಿಗಿಂತ ಹೆಚ್ಚು ಬೇಕಾದದ್ದು ಕಿವಿ ಎಂದು ನನ್ನಂಥ ಗುಮಾಸ್ತನಿಗೆ ಅನಿಸುತ್ತದೆ.

ಆಲ್ಬಮ್ಮಿನ ಹೆಸರಿನದೇ ಎರಡನೆಯ ಹಾಡು ಒಂಬತ್ತೂ ಮುಕ್ಕಾಲು ನಿಮಿಷ ನಡೆಯುತ್ತದೆ. ನ್ಯಾಯ ಮಾರಾಟಕ್ಕಿದೆ, ಸತ್ಯವನ್ನು ಹುಡುಕುವವರಿಲ್ಲ, ಗೆಲ್ಲುವುದೇ ಎಲ್ಲ ಎಂಬುದು ಅದರ ಗೋಳು. ಇದನ್ನು ಕೇಳುವಾಗ ಬೇಸರವೂ ಆಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಂದದ್ದೇ ಬರುತ್ತದೆ, ಮುಗಿಯಿತು ಎನ್ನುವಾಗ ಮತ್ತೆ ಶುರುವಾಗುತ್ತದೆ. ತಂಡಕ್ಕೇ ಇದು ಭಾರವೆನಿಸಿ ಬಹಳ ವರ್ಷ ವೇದಿಕೆಯ ಮೇಲೆ ನುಡಿಸುವುದನ್ನು ಬಿಟ್ಟಿದ್ದರು. 1991ರ ಆಲ್ಬಮ್ಮಿನಲ್ಲಿ ಹಾಡುಗಳನ್ನು ಮೊಟಕುಗೊಳಿಸಿ, ಸರಳಗೊಳಿಸಿ ಜಗತ್ತನ್ನೇ ಗೆದ್ದರು. ಆದರೆ ನ್ಯಾಯದ ಬಗೆಗಿನ ಹಾಡು ಉದ್ದವಾಗಿರುವುದರಲ್ಲಿ ಒಂದು ಔಚಿತ್ಯವಿದೆ. ಇಪ್ಪತ್ತರ ಹುಡುಗನಿಗೆ ಹತ್ತು ನಿಮಿಷ ಎಂದರೆ ಏನೂ ಅಲ್ಲ. ವಾಯಿದೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಂದು, ಸಂಜೆ ನಾಲ್ಕಕ್ಕೆ ಜವಾನ ತನ್ನ ಹೆಸರನ್ನು ಮೂರು ಸಲ ಕೂಗುವುದನ್ನು ಕೇಳಿ ಒಳಗೆ ಹೋಗಿ, ಮುಂದಿನ ತಾರೀಖು ಪಡೆದು ಅರ್ಧ ನಿಮಿಷದಲ್ಲಿ ಹೊರಗೆ ಬರುವ ಕಕ್ಷಿದಾರರನ್ನು ನೋಡಿದವನಿಗೆ, ಮುಗಿಯದ ಆ ಹಾಡಿನ ಲಯ ಪರಿಚಿತ.

ನಾಲ್ಕನೆಯ ಹಾಡು 'ಒನ್'. ಈ ಆಲ್ಬಮ್ಮಿನಲ್ಲಿ ಎಲ್ಲರಿಗೂ ಗೊತ್ತಿರುವುದು ಇದೊಂದೇ. ತಂಡ ಮೊದಲ ಬಾರಿ ವಿಡಿಯೋ ಮಾಡಿದ್ದು ಇದಕ್ಕೆ. 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದದ್ದೂ ಇದಕ್ಕೇ. ಡಾಲ್ಟನ್ ಟ್ರಂಬೋ ಎಂಬ ಅಮೆರಿಕದ ಬರಹಗಾರ 1939ರಲ್ಲಿ ಪ್ರಕಟಿಸಿದ 'ಜಾನಿ ಗಾಟ್ ಹಿಸ್ ಗನ್' ಕಾದಂಬರಿಯ ಕತೆಯೇ ಇದರ ಕತೆ. ಮೊದಲ ಮಹಾಯುದ್ಧದಲ್ಲಿ ಶೆಲ್ ಬಿದ್ದು ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಕಳೆದುಕೊಂಡು ಬರೀ ಪ್ರಜ್ಞೆಯಾಗಿ ಆಸ್ಪತ್ರೆಯಲ್ಲಿ ಬಿದ್ದಿರುವ ಸೈನಿಕ. ಕೊನೆಗೆ ಅವನು ತಲೆಯನ್ನು ದಿಂಬಿಗೆ ಬಡಿಯುತ್ತಾ ಮೋರ್ಸ್ ಸಂಕೇತದಲ್ಲಿ ಮಾತಾಡಲು ಯತ್ನಿಸುತ್ತಾನೆ. ನೋಡುವವರಿಗೆ ಅದು ಬರೀ ಸೆಳೆತದಂತೆ ಕಾಣುತ್ತದೆ. ಸಂದೇಶ ಅರ್ಥವಾದ ಮೇಲೂ ಅವನು ಕೇಳಿದ್ದನ್ನು ಕೊಡುವುದಿಲ್ಲ. ಹಾಡು ಮೆಲ್ಲಗೆ, ನೋವಿನ ಗಿಟಾರಿನಿಂದ ಆರಂಭವಾಗಿ ಕೊನೆಗೆ ಮೆಷಿನ್‌ಗನ್ನಿನಂತೆ ಸಿಡಿಯುತ್ತದೆ. ನಾವು ಹಾಸ್ಟೆಲ್ಲಿನಲ್ಲಿ ಆ ಸಿಡಿತಕ್ಕಾಗಿ ಕಾಯುತ್ತಿದ್ದೆವು. ಈಗ ನನಗೆ ಮುಖ್ಯವೆನಿಸಿದ್ದು ಅದಕ್ಕಿಂತ ಮುಂಚಿನ ಮೆಲುದನಿ.

ಟ್ರಂಬೋ ಕತೆಯೂ ಇಲ್ಲಿ ಹೇಳಬೇಕಾದದ್ದೇ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಚಿತ್ರರಂಗದವರನ್ನು ಕರೆಸಿ, ನೀನು ಕಮ್ಯುನಿಸ್ಟನೇ ಎಂದು ಪ್ರಶ್ನಿಸಿದಾಗ ಉತ್ತರಿಸಲು ಒಪ್ಪದ ಹತ್ತು ಜನರಲ್ಲಿ ಅವರೂ ಒಬ್ಬರು. ಜೈಲಿಗೆ ಹೋದರು. ಹೊರಬಂದ ಮೇಲೂ ಕೆಲಸ ಕೊಡುವವರಿಲ್ಲದೆ ಬೇರೆಯವರ ಹೆಸರಿನಲ್ಲಿ ಚಿತ್ರಕತೆ ಬರೆದರು. ಈ ಆಲ್ಬಮ್ಮಿನ ಐದನೆಯ ಹಾಡು ಆ ಕಾಲದ ಕಪ್ಪುಪಟ್ಟಿಯ ಕುರಿತಾದದ್ದೇ. ಒಬ್ಬನ ಮೇಲೆ ಗುಮಾನಿ ಬೀಳುತ್ತದೆ, ಉಳಿದವರು ಮೆಲ್ಲಗೆ ದೂರ ಸರಿಯುತ್ತಾರೆ, ಆರೋಪವೇ ತೀರ್ಪಾಗುತ್ತದೆ. ಇದು ಯಾವ ಕಾಲದ, ಯಾವ ದೇಶದ ಕತೆ ಎಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದಾಗ 2003ರ ಸುದ್ದಿ ಮತ್ತೆ ಎದುರು ನಿಲ್ಲುತ್ತದೆ. ಕಣ್ಣಿಗೆ ರೆಪ್ಪೆ ಇದೆ, ಬೇಡವಾದದ್ದನ್ನು ನೋಡದೆ ಮುಚ್ಚಿಕೊಳ್ಳಬಹುದು. ಕಿವಿಗೆ ರೆಪ್ಪೆ ಇಲ್ಲ. 'ಒನ್' ಹಾಡಿನ ಸೈನಿಕ ಹೇಳಬೇಕೆಂದರೂ ಕೇಳುವವರಿಲ್ಲದವನು. ಇರಾಕಿನ ಆ ಕೈದಿ ಬೇಡವೆಂದರೂ ಕೇಳಲೇಬೇಕಾದವನು. ಒಬ್ಬನಿಗಾಗಿ ಮರುಗಿ ಹಾಡು ಕಟ್ಟಿದವರೇ, ಇನ್ನೊಬ್ಬನ ವಿಷಯ ಬಂದಾಗ ಹೆಮ್ಮೆಪಟ್ಟರು. ಇವೆರಡನ್ನೂ ಹೇಗೆ ಹೊಂದಿಸುವುದು? ಹೊಂದಿಸಲು ಆಗುವುದಿಲ್ಲ ಎಂದೇ ನನಗನಿಸುತ್ತದೆ. ಹೊಂದಿಸುವ ಅಗತ್ಯವೂ ಇಲ್ಲ. ಕೋರ್ಟಿನಲ್ಲಿ ಎಂಥೆಂಥವರೋ ಸಾಕ್ಷಿ ಹೇಳಲು ಬರುತ್ತಾರೆ. ಸ್ವಂತ ತಮ್ಮನಿಗೆ ಮೋಸ ಮಾಡಿದವನು ನೆರೆಯವನ ಪರವಾಗಿ ಸತ್ಯ ಹೇಳಿದ್ದನ್ನು ನೋಡಿದ್ದೇನೆ. ಆ ಸತ್ಯ ನೆರೆಯವನಿಗೆ ಸೇರಿದ್ದು. ಹೇಳಿದವನ ನಡತೆಯಿಂದ ಅದು ಸುಳ್ಳಾಗುವುದಿಲ್ಲ. ಹೇಳಿದವನೂ ಅದರಿಂದ ಪಾರಾಗುವುದಿಲ್ಲ. 'ಒನ್' ಹಾಡನ್ನು ನಾನು ಆ ಸೈನಿಕನಿಗೂ, ಕಬ್ಬಿಣದ ಪೆಟ್ಟಿಗೆಯಲ್ಲಿ ನಿದ್ದೆಗೆಟ್ಟು ಕುಳಿತ ಹೆಸರಿಲ್ಲದ ಕೈದಿಗೂ ಸೇರಿದ ಸಾಕ್ಷ್ಯವೆಂದು ಕೇಳುತ್ತೇನೆ. ಹಾಡಿದವರ ಹೆಮ್ಮೆಯನ್ನು ಅವರ ಲೆಕ್ಕಕ್ಕೇ ಬಿಟ್ಟಿದ್ದೇನೆ.

ಎಂಟನೆಯದು 'ಟು ಲಿವ್ ಈಸ್ ಟು ಡೈ'. ಬಹುತೇಕ ವಾದ್ಯಸಂಗೀತ. ತೀರಿಕೊಂಡ ಕ್ಲಿಫ್ ಬರ್ಟನ್ ಮಾಡಿಟ್ಟಿದ್ದ ತುಣುಕುಗಳನ್ನು ಸೇರಿಸಿ ಕಟ್ಟಿದ್ದು. ನಡುವೆ ನಾಲ್ಕು ಸಾಲು ಮಾತು ಬಂದು ಹೋಗುತ್ತದೆ. ಆಡಲಾಗದ ದುಃಖವನ್ನು ಆ ಹುಡುಗರು ಇಲ್ಲಿ ಮಾತ್ರ ಆಡಿದ್ದಾರೆ. ಸತ್ತ ಬೇಸ್ ವಾದಕನಿಗೆ ಹತ್ತು ನಿಮಿಷದ ಗೋರಿ ಕಟ್ಟಿ, ಬದುಕಿರುವ ಬೇಸ್ ವಾದಕನ ದನಿಯನ್ನು ಅದರ ಕೆಳಗೆ ಹೂತಿಟ್ಟಂತೆ ಇದೆ. ದುಃಖ ಮನುಷ್ಯನನ್ನು ಯಾವಾಗಲೂ ಮೆದುಗೊಳಿಸುತ್ತದೆ ಎಂದು ನಾವು ನಂಬುತ್ತೇವೆ. ಎಷ್ಟೋ ಸಲ ಅದು ಪಕ್ಕದಲ್ಲಿರುವವನ ವಿಷಯದಲ್ಲಿ ನಮ್ಮನ್ನು ಕಿವುಡಾಗಿಸುತ್ತದೆ.

ಕಡೆಗೆ ಒಂಬತ್ತನೆಯ ಹಾಡು, 'ಡೈಯರ್ಸ್ ಈವ್'. ಮೂವತ್ತು ವರ್ಷ ನನಗೆ ಇದು ನೀಲಿ ಶಾಯಿಯ ಒಂದು ಹೆಸರು ಮಾತ್ರವಾಗಿತ್ತು. ಆಲ್ಬಮ್ಮಿನಲ್ಲೇ ಅತಿ ವೇಗದ ಹಾಡು. ಮಗನೊಬ್ಬ ತಾಯಿತಂದೆಯರಿಗೆ ಬರೆದ ಸಿಟ್ಟಿನ ಕಾಗದದಂತೆ ಇದೆ. ನನ್ನನ್ನು ಲೋಕದಿಂದ ಬಚ್ಚಿಟ್ಟು ಬೆಳೆಸಿದಿರಿ, ಈಗ ಈ ಲೋಕದಲ್ಲಿ ಬದುಕುವುದು ಹೇಗೆಂದು ನನಗೆ ತಿಳಿಯದು ಎಂಬ ಆಪಾದನೆ. ಹೆಟ್‌ಫೀಲ್ಡ್ ಬಾಲ್ಯ ತಿಳಿದರೆ ಆ ಸಿಟ್ಟಿನ ಬೇರು ಸಿಗುತ್ತದೆ. ಅವರ ಹೆತ್ತವರು, ವೈದ್ಯರ ಔಷಧಿ ಬೇಡ, ಪ್ರಾರ್ಥನೆಯೇ ಸಾಕು ಎಂಬ ಕ್ರಿಶ್ಚಿಯನ್ ಸೈನ್ಸ್ ಪಂಥದವರು. ತಂದೆ ಮನೆ ಬಿಟ್ಟು ಹೋದರು. ಕ್ಯಾನ್ಸರ್ ಬಂದ ತಾಯಿ ಚಿಕಿತ್ಸೆ ಪಡೆಯದೆ ತೀರಿಕೊಂಡಾಗ ಹುಡುಗನಿಗೆ ಹದಿನಾರು.

ಇಪ್ಪತ್ತರಲ್ಲಿ ಈ ಹಾಡು ಕೈಗೆ ಸಿಕ್ಕಿದ್ದರೆ ಮಗನ ಜಾಗದಲ್ಲಿ ನಿಂತು ಕುಣಿಯುತ್ತಿದ್ದೆನೇನೋ. ಈಗ ಕೇಳಿದಾಗ ಕಾಗದ ನನ್ನ ವಿಳಾಸಕ್ಕೇ ಬಂದಂತೆ ಕಂಡಿತು. ನನ್ನ ಮಗಳು ದೂರದ ಊರಿನಲ್ಲಿ ಓದುತ್ತಿದ್ದಾಳೆ. ಫೋನಿನಲ್ಲಿ ದಿನವೂ ಮಾತಾಡುತ್ತೇವೆ. ಊಟ ಆಯ್ತಾ, ಹಣ ಇದೆಯಾ, ಹುಷಾರು, ಅಷ್ಟೇ. ಅವಳು ಏನಾದರೂ ಉದ್ದಕ್ಕೆ ಹೇಳಹೊರಟಾಗ ಅದರ ಸಾರ ಮಾತ್ರ ಹಿಡಿದು 'ಸರಿ ಮಗಳೇ' ಎನ್ನುವುದು ನನ್ನ ಕಸುಬಿನಿಂದ ಬಂದ ಅಭ್ಯಾಸವಿರಬೇಕು. ಮರುದಿನ ಅವಳ ಫೋನು ಬಂದಾಗ ನಾನು ಎರಡು ಪ್ರಶ್ನೆ ಹೆಚ್ಚು ಕೇಳಿದೆ. ಹಾಸ್ಟೆಲ್ಲಿನ ಬಗ್ಗೆ, ಒಬ್ಬ ಗೆಳತಿಯ ಬಗ್ಗೆ, ತಾನು ಓದುತ್ತಿರುವುದು ತನಗೆ ಇಷ್ಟವೋ ಇಲ್ಲವೋ ಎಂಬುದರ ಬಗ್ಗೆ ಅವಳು ನಲವತ್ತು ನಿಮಿಷ ಮಾತಾಡಿದಳು. ಕೊನೆಗೆ 'ಉಪ್ಪಾ, ಇವತ್ತು ನಿಮಗೆ ಕೆಲಸವಿಲ್ವಾ?' ಎಂದು ನಕ್ಕಳು.

2018ರಲ್ಲಿ ಈ ಆಲ್ಬಮ್ಮನ್ನು ದನಿ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದಾಗಲೂ ತಂಡ ಬೇಸನ್ನು ಮೇಲಕ್ಕೆ ತರಲಿಲ್ಲ. ಆಗಿಹೋದದ್ದನ್ನು ತಿದ್ದುವುದು ಬೇಡ ಎಂಬುದು ಅವರ ನಿಲುವು. ಅಭಿಮಾನಿಗಳು ಸುಮ್ಮನಿರಲಿಲ್ಲ. ಬೇಸನ್ನು ತಾವೇ ನುಡಿಸಿ ಸೇರಿಸಿ, 'ಜೇಸನ್‌ಗೆ ನ್ಯಾಯ' ಎಂಬರ್ಥದ ಹೆಸರು ಕೊಟ್ಟು ಹಂಚಿದರು. ನ್ಯೂಸ್ಟೆಡ್ 2001ರಲ್ಲೇ ತಂಡ ಬಿಟ್ಟಿದ್ದರು. ಯಾವುದು ಸರಿ ಎಂದು ಅಕ್ಕನ ಮಗ ನನ್ನನ್ನು ಕೇಳಿದ. ಸಹಿ ಬಿದ್ದ ಹೇಳಿಕೆಯನ್ನು ಯಾರೂ ತಿದ್ದಬಾರದು, ಅದು ಹಾಗೆಯೇ ಇರಲಿ. ಆದರೆ ಆ ದಿನ ಕೋರ್ಟಿನಲ್ಲಿ ಕುಳಿತು ಕೇಳಿದವರು ತಮಗೆ ಕೇಳಿಸಿದ್ದನ್ನು ಹೇಳುತ್ತಿರಬೇಕು ಎಂದೆ. ಅವನಿಗೆ ಇದು ವಕೀಲರ ಕಛೇರಿಯ ಉತ್ತರವಾಗಿ ಕಂಡಿತು.

ಈಗ ಅವನು ಸಂಜೆ ಹೊತ್ತು 'ಬ್ಲ್ಯಾಕೆಂಡ್' ಹಾಡನ್ನು ಹಾಕಿಕೊಂಡು, ಅದರಲ್ಲಿ ಕೇಳಿಸದ ಭಾಗವನ್ನು ತನ್ನ ನಾಲ್ಕು ತಂತಿಗಳಲ್ಲಿ ಕಲಿಯುತ್ತಿದ್ದಾನೆ. ಇಡೀ ಆಲ್ಬಮ್ಮಿನಲ್ಲಿ ರಚನೆಕಾರನೆಂದು ನ್ಯೂಸ್ಟೆಡ್ ಹೆಸರು ಇರುವುದು ಆ ಒಂದು ಹಾಡಿಗೆ ಮಾತ್ರ. ಏಳರ ಎಣಿಕೆಯಲ್ಲಿ ಹುಡುಗ ಇನ್ನೂ ಎಡವುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಕೆಳಗಿನ ಕೋಣೆಯಲ್ಲಿ ಕುಳಿತು ಮರುದಿನದ ಕಡತ ಕಟ್ಟುವ ನನಗೆ ಗಿಟಾರು ಅಷ್ಟಾಗಿ ಕೇಳಿಸುವುದಿಲ್ಲ. ಬೇಸ್ ಮಾತ್ರ ಮಾಳಿಗೆಯ ಹಲಗೆಯ ಮೂಲಕ ಇಳಿದುಬಂದು ಮೇಜಿನ ಮೇಲಿನ ನೀರಿನ ಲೋಟವನ್ನು ಮೆಲ್ಲಗೆ ನಡುಗಿಸುತ್ತದೆ.